ಉದಗೀರೆ ಉದಗೀರದವನಲ್ಲ

ನಮ್ಮ ಅಡುಗೆಮನೆಯ ಅತಿ ಮೇಲಿನ ಹಲಗೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿಯೊಂದಿದೆ. ಅದನ್ನು ಅಲ್ಲಿ ಪ್ರತಿಷ್ಠಾಪಿಸಿದವಳು ನನ್ನ ಹೆಂಡತಿ. ಮದುವೆಯಾದ ದಿನದಿಂದಲೂ ನನಗಿಂತ ಒಂದು ಗೇಣು ಎತ್ತರವಾಗಿಯೇ ಉಳಿದಿರುವ ಈಕೆ, ಮನೆಯಲ್ಲಿ ನನಗೆ ಸಲ್ಲದ ಪದಾರ್ಥಗಳನ್ನೆಲ್ಲ ಮಾತಿನಿಂದ ನಿಷೇಧಿಸುವ ಗೊಡವೆಗೆ ಹೋಗದೆ, ನನ್ನ ಬೆರಳತುದಿಗಿಂತ ನಾಲ್ಕಂಗುಲ ಮೇಲೆ ಇಟ್ಟು ನಿಶ್ಚಿಂತೆಯಿಂದಿರುತ್ತಾಳೆ. ಸ್ಟೂಲು ಎಳೆದರೆ ಸದ್ದಾಗುತ್ತದೆ, ಸದ್ದಾದರೆ ಆಕೆ ಬರುತ್ತಾಳೆ, ಆಕೆ ಬಂದರೆ ನಾನು ಸ್ಟೂಲಿನ ಮೇಲೆ ನಿಂತು ಜೇಡರ ಬಲೆ ತೆಗೆಯುತ್ತಿದ್ದೇನೆಂದು ಹೇಳಬೇಕಾಗುತ್ತದೆ. ಹೀಗಾಗಿ ನಾನು ಮೊಮ್ಮಗಳು ಕಾಲೇಜಿನಿಂದ ಬರುವುದನ್ನೇ ಕಾಯುತ್ತೇನೆ. ಅವಳು ಅಜ್ಜಿಯ ಕಡೆಯ ಎತ್ತರದವಳು. ಹಿಮ್ಮಡಿ ಕೂಡ ಎತ್ತದೆ ಡಬ್ಬಿ ಇಳಿಸಿ, ನನಗೊಂದು ಹೋಳಿಗೆ ಕೊಟ್ಟು, ತಾನು ಎರಡು ತಿಂದು, ಮತ್ತೆ ಅದೇ ಜಾಗದಲ್ಲಿ ಇಟ್ಟುಬಿಡುತ್ತಾಳೆ. ಈ ಲೆಕ್ಕಾಚಾರ ನ್ಯಾಯವೇ ಎಂದು ಕೇಳುವ ಅಧಿಕಾರ ಕುಳ್ಳನಾದ ನನಗಿಲ್ಲ.

ಮೊನ್ನೆ ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ ಮೊಮ್ಮಗಳು ನನಗೊಂದು ಪಾಠ ಹೇಳಿದಳು. ಬೀದರದ ತನ್ನ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳಾದ್ದರಿಂದ ಅಮೆರಿಕದ ಆಟದ ಸುದ್ದಿಯೆಲ್ಲ ಅವಳ ಮೊಬೈಲಿನಲ್ಲಿರುತ್ತದೆ. ಅಲ್ಲಿನ ದೊಡ್ಡ ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವಂತೆ. ಆರಿಸಿಕೊಳ್ಳಲು ಹುಡುಗನಿಗೆ ಹತ್ತೊಂಬತ್ತು ತುಂಬಿರಬೇಕಂತೆ, ಶಾಲೆ ಬಿಟ್ಟು ಒಂದು ವರ್ಷವಾದರೂ ಆಗಿರಬೇಕಂತೆ. ಹಾಗಾಗಿ ಗಟ್ಟಿ ಆಟಗಾರರೆಲ್ಲ ಆ ಒಂದು ವರ್ಷ ಕಳೆಯಲೆಂದೇ ಕಾಲೇಜಿಗೆ ಬಂದು, ಅತಿಥಿಗಳ ಹಾಗೆ ಉಂಡು, ಆಡಿ, ಹೊರಟುಹೋಗುತ್ತಾರಂತೆ. ಕಾಲೇಜಿನವರು ಮಾತ್ರ ಪ್ರತಿ ವರ್ಷವೂ ಖಾಲಿ ಅಂಗಳದಲ್ಲಿ ನಿಂತು ಹೊಸ ಉದ್ದನೆಯ ಹುಡುಗನನ್ನು ಹುಡುಕಬೇಕಂತೆ. ಇಷ್ಟು ಹೇಳಿ, ಕೈ ಒರೆಸಿಕೊಳ್ಳುತ್ತ, "ನಿಮ್ಮ ಕಾಲದಾಗ ಇಂಥಾ ಖಾಯ್ದಾ ಗೀಯ್ದಾ ಎಲ್ಲಿದ್ವು ಬಿಡು ಮುತ್ಯಾ," ಎಂದು ಎದ್ದು ಹೋದಳು.

ನನಗೆ ಸಿಟ್ಟು ಬಂತು. ನಮ್ಮ ಕಾಲದಲ್ಲಿ ಏನೇನೂ ಇರಲಿಲ್ಲ ಎಂದು ಮಕ್ಕಳು ಹೇಳಿದರೆ ಸಹಿಸಬಲ್ಲೆ. ಆದರೆ ಖಾಯ್ದೆ ಇರಲಿಲ್ಲ ಎಂದರೆ ಹೇಗೆ ಸುಮ್ಮನಿರಲಿ? ಓದುಗ ಮಿತ್ರರೇ, ಆಕೆ ಕೇಳಿಸಿಕೊಳ್ಳಲು ನಿಲ್ಲಲಿಲ್ಲ, ನೀವಾದರೂ ನಿಲ್ಲಿ. ಖಾಯ್ದೆಗಳು ನಮ್ಮ ತಂಡವನ್ನು ಆಡಿಸಿದಷ್ಟು ನಾವು ಚೆಂಡನ್ನೂ ಆಡಿಸಿರಲಿಕ್ಕಿಲ್ಲ.

ನಾನು ಭಾಲ್ಕಿಯ ಕಡೆಯವನು. ಬೀದರದ ಕಾಲೇಜಿಗೆ ಸೇರಿದಾಗ ನಾವಿನ್ನೂ ಹೈದರಾಬಾದ್ ರಾಜ್ಯದವರು. ಪಾಠ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ, ಹಾಸ್ಟೆಲಿನ ಅಡುಗೆಯವನೊಡನೆ ಮರಾಠಿಯಲ್ಲಿ ಎಂಬ ತ್ರಿವೇಣಿ ಸಂಗಮದಲ್ಲಿ ಮುಳುಗೇಳುತ್ತಿದ್ದ ನಮಗೆ ಬಾಸ್ಕೆಟ್‌ಬಾಲ್ ಎಂಬ ನಾಲ್ಕನೆಯ ಭಾಷೆಯನ್ನು ಕಲಿಸಿದವರು ಡ್ರಿಲ್ ಮಾಸ್ತರರಾದ ಅಜೀಜ್ ಸಾಹೇಬರು. ಹೈದರಾಬಾದಿನಲ್ಲಿ ಯಾವಾಗಲೋ ಆ ಆಟ ನೋಡಿ ಮರುಳಾಗಿ ಬಂದಿದ್ದ ಅವರು ಕಮ್ಮಾರನಿಂದ ಎರಡು ಕಬ್ಬಿಣದ ಬಳೆ ಬಡಿಸಿ ತಂದು, ಕಾಲೇಜಿನ ಹಿಂದಿನ ಕೆಂಪು ಮಣ್ಣಿನ ಬಯಲಿನಲ್ಲಿ ಎರಡು ಕಂಬ ನೆಟ್ಟು, ಜಾಲರಿಯ ಬದಲು ಗೋಣಿಚೀಲದ ತಳ ಕತ್ತರಿಸಿ ಕಟ್ಟಿದರು. ಬಳೆಗಳಲ್ಲಿ ಒಂದು ದುಂಡಗಿತ್ತು, ಇನ್ನೊಂದು ಮೊಟ್ಟೆಯಾಕಾರದಲ್ಲಿತ್ತು. ಯಾವ ತಂಡಕ್ಕೆ ಯಾವ ಬಳೆ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದೆವು. ಸಂಜೆ ಆಟ ಮುಗಿಸಿ ಹೊರಟರೆ ನಮ್ಮ ಬಿಳಿ ಅಂಗಿ ಚಡ್ಡಿಗಳ ಬಣ್ಣ ನೋಡಿ ಊರವರು ನಮ್ಮನ್ನು ಇಟ್ಟಿಗೆ ಭಟ್ಟಿಯವರೆಂದು ತಿಳಿಯುತ್ತಿದ್ದರು.

ಐವರ ಆಟವದು. ಐವರಲ್ಲಿ ನಾನೂ ಒಬ್ಬನಾಗಿದ್ದೆ, ಏಕೆಂದರೆ ಐವರಿರಬೇಕೆಂದು ನಿಯಮವಿತ್ತು. ನಿಜವಾಗಿ ಆಡುತ್ತಿದ್ದವರು ಇಬ್ಬರು. ಒಬ್ಬ ಔರಾದ ತಾಲ್ಲೂಕಿನ ಠಾಣಾ ಕುಶನೂರದ ಧೂಳಪ್ಪ ಉದಗೀರೆ. ಮಾಸ್ತರರ ಟೋಪಿ ಗಾಳಿಗೆ ಹಾರಿ ಕಿಟಕಿಯ ಮೇಲಿನ ಸಜ್ಜದ ಮೇಲೆ ಕುಳಿತಿದ್ದಾಗ, ಆ ದಾರಿಯಾಗಿ ಹೋಗುತ್ತಿದ್ದ ಈತ ಜಿಗಿಯದೆ, ಕೇಳದೆ, ನಡೆಯುತ್ತ ನಡೆಯುತ್ತಲೇ ಅದನ್ನು ತೆಗೆದುಕೊಟ್ಟು ಮುಂದೆ ಸಾಗಿದ್ದನು. ಮಾಸ್ತರರು ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಅವನ ಹಿಂದೆ ಓಡಿದ್ದರು. ಇನ್ನೊಬ್ಬ ಉದಗೀರದಿಂದ ಬಂದು ಬೀದರದಲ್ಲಿ ಕೋಣೆ ಮಾಡಿಕೊಂಡಿದ್ದ ವೈಜನಾಥ ಬೀದರಕರ. ಧೂಳಪ್ಪನೂ ಅದೇ ಕೋಣೆಯಲ್ಲಿದ್ದ. ವೈಜನಾಥ ಬಡಕಲು, ಚುರುಕು, ಒಂದು ಕಡೆ ನಿಂತವನಲ್ಲ. ಇಬ್ಬರೂ ಒಂದೇ ಬುತ್ತಿಯ ರೊಟ್ಟಿ ಉಂಡು, ಒಂದೇ ಲಾಂದ್ರದ ಕೆಳಗೆ ಓದಿ, ಅಂಗಳಕ್ಕೆ ಬಂದರೆ ಒಬ್ಬರ ಮುಖ ಒಬ್ಬರು ನೋಡದೆಯೇ ಆಡುತ್ತಿದ್ದರು. ಅವರ ನಡುವೆ ಓಡಾಡುತ್ತಿದ್ದ ನನಗೆ ಚೆಂಡು ತಲೆಯ ಮೇಲಿಂದ ಹೋದ ಗಾಳಿ ಮಾತ್ರ ತಿಳಿಯುತ್ತಿತ್ತು.

ಹೆಸರುಗಳನ್ನು ಗಮನಿಸಿದಿರಾ? ಉದಗೀರೆ ಎಂಬವನು ಕುಶನೂರದವನು, ಬೀದರಕರ ಎಂಬವನು ಉದಗೀರದವನು. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಅಡ್ಡಹೆಸರಿನಲ್ಲಿ ಊರಿಟ್ಟುಕೊಳ್ಳುವುದು ನಮ್ಮ ಪದ್ಧತಿ. ಆದರೆ ಉದಗೀರದಲ್ಲಿಯೇ ಇರುವವರನ್ನು ಉದಗೀರೆ ಎಂದು ಕರೆದು ಪ್ರಯೋಜನವೇನು, ಅಲ್ಲಿ ಎಲ್ಲರೂ ಉದಗೀರದವರೇ. ಯಾರೋ ಮುತ್ತಜ್ಜ ಆ ಊರು ಬಿಟ್ಟು ಕುಶನೂರಕ್ಕೆ ಬಂದು ಹೊಲ ಹಿಡಿದಾಗ, ಅಲ್ಲಿನವರು ಅವನನ್ನು ಉದಗೀರದಿಂದ ಬಂದವನೆಂದು ಗುರುತಿಸಿದರು, ಅದೇ ಮನೆತನಕ್ಕೆ ಅಂಟಿತು. ಅಂದರೆ ನಮ್ಮಲ್ಲಿ ಒಬ್ಬನ ಹೆಸರಿನಲ್ಲಿ ಯಾವ ಊರಿದೆಯೋ ಆ ಊರಿನಲ್ಲಿ ಅವನು ಇಲ್ಲವೆಂದು ಕಣ್ಣುಮುಚ್ಚಿ ಹೇಳಬಹುದು. ಇದು ನಮಗೆ ಉಸಿರಾಟದಷ್ಟು ಸಹಜವಾದ್ದರಿಂದ ಹೊರಗಿನವರಿಗೆ ವಿವರಿಸಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಆ ನವೆಂಬರ್ ಬಂತು. ಕನ್ನಡದ ಸೀಮೆಗಳೆಲ್ಲ ಒಂದಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಾಲೇಜಿನಲ್ಲಿ ಪೇಢೆ ಹಂಚಿದರು, ಭಾಷಣಗಳಾದವು, ನಮಗೂ ಸಂತೋಷವಾಯಿತು. ಎರಡು ದಿನ ಕಳೆದು ಅಂಗಳದಲ್ಲಿ ಸೇರಿದಾಗಲೇ ಹೊಸ ಭೂಪಟದ ಗೆರೆಗಳು ನಮ್ಮ ಜಿಲ್ಲೆಯನ್ನಷ್ಟೇ ಅಲ್ಲದೆ ನಮ್ಮ ತಂಡವನ್ನೂ ಹೋಳು ಮಾಡಿರುವುದು ಗೊತ್ತಾದದ್ದು. ಔರಾದ, ಭಾಲ್ಕಿ, ಬೀದರಗಳು ಮೈಸೂರಿಗೆ ಬಂದಿದ್ದವು. ಉದಗೀರ ಮುಂಬಯಿ ರಾಜ್ಯಕ್ಕೆ ಹೋಗಿತ್ತು. ನಮ್ಮೊಡನೆ ಆಡುತ್ತಿದ್ದ ಜಹೀರಾಬಾದಿನ ಹುಡುಗನೊಬ್ಬ ಮಲಗಿ ಏಳುವಷ್ಟರಲ್ಲಿ ಆಂಧ್ರದವನಾಗಿದ್ದ. ವೈಜನಾಥ ಧೂಳಪ್ಪನಿಗೆ ಚೆಂಡು ಎಸೆದರೆ ಅದು ಈಗ ಅಂತರರಾಜ್ಯ ಸಾಗಾಣಿಕೆ ಎಂದು ನಾವು ನಗುತ್ತಿದ್ದೆವು. ಕಾಲೇಜು ಪಂದ್ಯಗಳಿಗೆ ಇದರಿಂದ ಅಡ್ಡಿಯಿರಲಿಲ್ಲ, ಯಾವ ರಾಜ್ಯದವನಾದರೇನು, ನಮ್ಮ ಹಾಜರಿಯಲ್ಲಿ ಹೆಸರಿದ್ದರೆ ಸಾಕಾಗಿತ್ತು.

ಅಡ್ಡಿ ಬಂದದ್ದು ಮೇಲಿನಿಂದ. ಹೊಸ ರಾಜ್ಯದ ತಂಡಕ್ಕೆ ಹೊಸದಾಗಿ ಸೇರಿದ ಜಿಲ್ಲೆಗಳಿಂದಲೂ ಕಾಲೇಜು ಹುಡುಗರನ್ನು ಆರಿಸುವರೆಂದೂ, ಅದಕ್ಕೆ ನಿಯಮಗಳಿವೆಯೆಂದೂ ಸುದ್ದಿ ಬಂತು. ಹುಡುಗ ಮೈಸೂರು ರಾಜ್ಯದ ಊರಿನವನಾಗಿರಬೇಕು, ಕಾಲೇಜಿನಲ್ಲಿ ಒಂದು ವರ್ಷ ಮುಗಿಸಿರಬೇಕು, ಮತ್ತು ಆಯ್ಕೆಯಾದವನು ಆ ಮೇಲೆ ತನ್ನ ಕಾಲೇಜಿನ ಪರವಾಗಿ ಆಡಕೂಡದು. ಮೂರನೆಯದನ್ನು ಕೇಳಿ ಅಜೀಜ್ ಮಾಸ್ತರರು ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಅದು ಅವರ ಪರಮಕೋಪದ ಗುರುತು.

"ಇದು ಎಂಥಾ ಇನ್ಸಾಫ್? ವರ್ಷಗಟ್ಟಲೆ ಕಲಸೋರು ನಾವು, ಜರಾ ಆಟ ಬಂತು ಅನ್ನೋದ್ರಾಗ ಎತ್ಕೊಂಡು ಹೋಗೋರು ಅವರು!" ಎಂದರು.

ಅವರ ಸಂಕಟ ನಮಗೂ ಅರ್ಥವಾಗುತ್ತಿತ್ತು. ಆದರೆ ಧೂಳಪ್ಪನ ಸಂಕಟ ಬೇರೆಯೇ ಇತ್ತು. ಅವನ ಅಪ್ಪ ಕುಶನೂರದಲ್ಲಿ ತೊಗರಿ ಜೋಳ ಬೆಳೆಯುವ, ಕಡಿಮೆ ಮಾತಿನ ಮನುಷ್ಯ. ಮಗ ಓದಲು ಹೋದವನು ಗೋಣಿಚೀಲದೊಳಗೆ ಚೆಂಡು ಹಾಕುತ್ತಾನೆಂದು ಯಾರೋ ಹೇಳಿದ್ದನ್ನು ಕೇಳಿ ಬೀದರಕ್ಕೆ ಬಂದು, ಅಂಗಳದ ಅಂಚಿನಲ್ಲಿ ಕುಳಿತು ಒಂದು ಇಡೀ ಆಟ ನೋಡಿ, ಎದ್ದು ಧೋತರ ಝಾಡಿಸಿಕೊಂಡು, "ತೊಗರಿ ರಾಶಿತನಕ ನೋಡ್ತೇನಿ. ಅಷ್ಟರಾಗ ದೊಡ್ಡೋರು ಯಾರರೆ ನಿನ್ನ ಆಟಕ್ಕ ಕರದ್ರ ಹೋಗು, ನಾ ಬ್ಯಾಡ ಅನ್ನಲ್ಲ. ಇಲ್ಲಂದ್ರ ಸಾಲಿ ಬಿಟ್ಟು ಮನಿಗಿ ಬಾ," ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟುಹೋಗಿದ್ದ. ಆದ್ದರಿಂದ ಆಯ್ಕೆಯೆಂಬುದು ಧೂಳಪ್ಪನಿಗೆ ಶೋಕಿಯಾಗಿರಲಿಲ್ಲ. ಆರಿಸಿದರೆ ಆಟವೂ ಉಂಟು ಓದೂ ಉಂಟು, ಬಿಟ್ಟರೆ ಎರಡೂ ಇಲ್ಲ.

ಇದು ಗೊತ್ತಿದ್ದೂ ಮಾಸ್ತರರು ಆಯ್ಕೆಯ ದಿನ ಬೆಳಗ್ಗೆ ಧೂಳಪ್ಪನನ್ನು ಪಕ್ಕಕ್ಕೆ ಕರೆದು, "ಬೇಟಾ, ಜರಾ ಬಗ್ಗಿ ನಿಂದ್ರು," ಎಂದರು. ಸ್ವಂತ ತಂಡದ ಮೇಲಿನ ಪ್ರೀತಿ ಒಳ್ಳೆಯ ಮನುಷ್ಯನಿಂದ ಎಂಥ ಮಾತಾಡಿಸುತ್ತದೆ ನೋಡಿ. ಗುರುವಾಕ್ಯ ಮೀರದ ಧೂಳಪ್ಪ ನಿಜವಾಗಿಯೂ ಬೆನ್ನು ಬಾಗಿಸಿ, ಸೊಂಟ ಹಿಡಿದ ಮುದುಕನ ಹಾಗೆ ಅಂಗಳಕ್ಕಿಳಿದ. ಚೆಂಡು ಮೇಲೆ ಹಾರಿದ್ದೇ ತಡ, ಮರೆತು ನೆಟ್ಟಗಾಗಿಬಿಟ್ಟ. ಮತ್ತೆ ನೆನಪಾಗಿ ಬಾಗುತ್ತಿದ್ದ, ಮತ್ತೆ ಚೆಂಡು ಕಂಡು ನೆಟ್ಟಗಾಗುತ್ತಿದ್ದ. ಇದನ್ನೆಲ್ಲ ಆಯ್ಕೆಗೆ ಬಂದಿದ್ದ ಎಚ್. ಸುಬ್ಬರಾಯರು ಹೊಸ ತರಹದ ವ್ಯಾಯಾಮವೆಂದು ತಿಳಿದು ತಲೆದೂಗುತ್ತಿದ್ದರು.

ಸುಬ್ಬರಾಯರು ದೂರದ ಮೈಸೂರಿನಿಂದ ರೈಲು ಬಸ್ಸುಗಳಲ್ಲಿ ಎರಡು ದಿನ ಕುಳಿತು ಬಂದವರು. ಕರಿ ಕೋಟು, ಜರಿಯ ಪೇಟ, ಹಾಲು ಸಕ್ಕರೆ ಬೆರೆಸಿದಂಥ ಕನ್ನಡ. ಅವರು "ಚೆನ್ನಾಗಿ ಆಡ್ತೀರಪ್ಪ, ಭೇಷ್" ಎಂದರೆ ನಾವು ಬಯ್ಯಿಸಿಕೊಂಡೆವೋ ಹೊಗಳಿಸಿಕೊಂಡೆವೋ ತಿಳಿಯದೆ ಮುಖ ಮುಖ ನೋಡುತ್ತಿದ್ದೆವು. ಬಿಸಿಲು ಬಲಿಯುವವರೆಗೆ ನೋಡಿ, ಆಮೇಲೆ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರನ್ನು ಕೇಳಿದರು. ನನ್ನ ಹೆಸರು ಕೇಳಿದಾಗ ಭಾಲ್ಕಿಯ ಹತ್ತಿರದ ಹಳ್ಳಿಯೊಂದು ಅದರಲ್ಲಿದ್ದುದರಿಂದ ಬಹಳ ಸಮಾಧಾನಪಟ್ಟು, ಊರಿನ ಮಟ್ಟಿಗೆ ನನ್ನಲ್ಲಿ ಯಾವ ಕೊರತೆಯೂ ಇಲ್ಲವೆಂದರು. ನಿಯಮಗಳನ್ನೆಲ್ಲ ಚಾಚೂ ತಪ್ಪದೆ ಪೂರೈಸುವ ಆಟಗಾರ ನಾನು, ಆಟವೊಂದು ಬರುತ್ತಿರಲಿಲ್ಲ ಅಷ್ಟೆ.

ಆಮೇಲೆ ಧೂಳಪ್ಪನ ಸರದಿ. "ಧೂಳಪ್ಪ ಉದಗೀರೆ ರಿ," ಎಂದ. ಸುಬ್ಬರಾಯರ ಮುಖ ಬಾಡಿತು.

"ಉದಗೀರ ಮುಂಬಯಿಗೆ ಸೇರಿಹೋಯ್ತಲ್ಲಪ್ಪ. ಛೆ, ಇಷ್ಟು ಒಳ್ಳೇ ಆಟಗಾರ. ನಾನೇನು ಮಾಡಲಿ, ನಿಯಮ ಹಾಗಿದೆ," ಎಂದು ನಿಜವಾಗಿಯೂ ನೊಂದು ಹೇಳಿ, ವೈಜನಾಥನ ಕಡೆ ತಿರುಗಿದರು. ಅವನ ಹೆಸರಿನಲ್ಲಿ ಬೀದರವೇ ಕುಳಿತಿರುವುದನ್ನು ಕೇಳಿ ಅರಳಿ, "ನೀನು ಬಾಪ್ಪ. ಊರಿನ ಹುಡುಗ!" ಎಂದು ಅವನ ಬೆನ್ನು ತಟ್ಟಿದರು.

ದೊಡ್ಡವರು ತಪ್ಪು ಮಾಡಿದಾಗ ತಿದ್ದುವುದು ಸಭ್ಯತೆಯೋ ಅಲ್ಲವೋ ಎಂಬ ಅಳುಕು ನಮ್ಮ ಕಡೆ ಹೆಚ್ಚು. ಧೂಳಪ್ಪ ಸಾಲಿನಿಂದ ಹಿಂದೆ ಸರಿದು, ಬೇವಿನ ಮರದ ಆಚೆ ಹೋಗಿ ನಿಂತ. ಈಗ ಅವನ ಬೆನ್ನು ಯಾರೂ ಹೇಳದೆಯೇ ಬಾಗಿತ್ತು.

ವೈಜನಾಥ ಸುಮ್ಮನಿದ್ದಿದ್ದರೆ ಅವನಿಗೆ ರಾಜ್ಯದ ತಂಡ ಸಿಗುತ್ತಿತ್ತು. ಆಸೆ ಅವನಿಗೂ ಇತ್ತು, ಅವನ ಕಣ್ಣಲ್ಲಿ ಅದು ಹೊಳೆದು ಆರಿದ್ದನ್ನು ಪಕ್ಕದಲ್ಲಿದ್ದ ನಾನು ಕಂಡೆ. ಮರದ ಕಡೆ ಒಮ್ಮೆ ನೋಡಿದ. ಆಮೇಲೆ, "ಸಾಹೇಬ್ರ, ನಾ ಉದಗೀರದಾಂವ ರಿ. ಉದಗೀರೆ ಕುಶನೂರದಾಂವ. ಕುಶನೂರ ಇಲ್ಲೇ ಔರಾದ ತಾಲೂಕ ರಿ," ಎಂದ.

ಸುಬ್ಬರಾಯರು ನಕ್ಕರು. ಸ್ನೇಹಿತನಿಗಾಗಿ ಹುಡುಗ ಸುಳ್ಳು ಹೇಳುತ್ತಿದ್ದಾನೆಂದು ಅವರಿಗೆ ಅನಿಸಿತು. "ಒಳ್ಳೇ ಮನಸ್ಸಪ್ಪ ನಿನ್ನದು. ಆದರೆ ಉದಗೀರೆ ಉದಗೀರದವನಲ್ಲ, ಬೀದರಕರ ಬೀದರದವನಲ್ಲ ಅಂದರೆ ಯಾರು ನಂಬುತ್ತಾರೆ? ಹೆಸರಿನಲ್ಲೇ ಊರಿದೆಯಲ್ಲ," ಎಂದರು.

ನಾವು ಸಾಕ್ಷಿ ಹೇಳಲು ಹೋಗಿ ಇನ್ನಷ್ಟು ಕೆಡಿಸಿದೆವು. ಎಲ್ಲರೂ ಒಮ್ಮೆಗೇ ಮಾತಾಡಿದರೆ ನಿಜವೂ ಸುಳ್ಳಿನಂತೆಯೇ ಕೇಳಿಸುತ್ತದೆ. ಈ ಗದ್ದಲದ ನಡುವೆ ಅಜೀಜ್ ಮಾಸ್ತರರು ಏನು ಮಾಡುತ್ತಾರೋ ಎಂದು ನಾನು ನೋಡುತ್ತಿದ್ದೆ. ಅವರಿಗೆ ಬೇಕಾದದ್ದು ತಾನಾಗಿಯೇ ಒದಗಿತ್ತು. ಉದಗೀರದವನೆಂದು ಸುಬ್ಬರಾಯರು ಒಪ್ಪಿಕೊಂಡರೆ ವೈಜನಾಥ ಕಾಲೇಜಿನಲ್ಲೇ ಉಳಿಯುತ್ತಾನೆ, ನಂಬದೆ ಹೋದರೆ ಧೂಳಪ್ಪ ತೊಗರಿ ರಾಶಿಯವರೆಗಾದರೂ ಇರುತ್ತಾನೆ. ಮಾಸ್ತರರು ಬೇವಿನ ಮರದಾಚೆ ಬಾಗಿದ ಆ ಬೆನ್ನನ್ನು ನೋಡಿದರು. ಅದೇ ಬೆಳಗ್ಗೆ ಬಾಗು ಎಂದವರು ತಾವೇ. ಜೇಬಿನಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡು ಮುಂದೆ ಬಂದರು.

"ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ತಮ್ಮ ಹೆಸರಿನ ಮುಂದ ಎಚ್ ಅಂತ ಒಂದು ಅಕ್ಷರ ಅದ ಅಲ್ರಿ, ಅದು ಏನ್ರಿ?"

"ಅದು ಹೊಸಹಳ್ಳಿ. ನಮ್ಮ ಊರು," ಎಂದರು ಸುಬ್ಬರಾಯರು ಹೆಮ್ಮೆಯಿಂದ.

"ತಾವು ಅಲ್ಲೇ ಇರ್ತೀರೇನ್ರಿ?"

"ಇಲ್ಲಪ್ಪ, ನಾನು ಹುಟ್ಟಿ ಬೆಳೆದದ್ದೆಲ್ಲ ಮೈಸೂರು."

"ಹೊಸಹಳ್ಳಿಗಿ ಯಾವಾಗರೆ ಹೋಗೀರೇನ್ರಿ?"

ಸುಬ್ಬರಾಯರು ಇಲ್ಲವೆಂದು ತಲೆಯಾಡಿಸಿದರು. ತಾತನ ಕಾಲದಲ್ಲಿ ಬಿಟ್ಟ ಊರಂತೆ. ಆ ಸೀಮೆಯಲ್ಲಿ ಹೊಸಹಳ್ಳಿಗಳು ಹತ್ತಾರಿದ್ದು ತಮ್ಮದು ಯಾವುದೆಂಬುದೇ ಅವರಿಗೆ ಖಚಿತವಿರಲಿಲ್ಲ. ಅದನ್ನು ಅವರು ಮೆಲ್ಲಗೆ, ಬಹಳ ಪ್ರಾಮಾಣಿಕವಾಗಿ ಹೇಳಿಕೊಂಡರು. ನಮಗಿಂತ ಅಷ್ಟು ದಕ್ಷಿಣಕ್ಕೆ, ಅಷ್ಟು ನಯವಾಗಿ ಮಾತಾಡುವ ಜನರೂ ಬಿಟ್ಟ ಊರನ್ನೇ ಹೆಸರಿನಲ್ಲಿ ಹೊತ್ತು ತಿರುಗುತ್ತಾರೆ, ನಾವು ಹೆಸರಿನ ಹಿಂದೆ ಕಟ್ಟಿದ್ದನ್ನು ಅವರು ಮುಂದೆ ಕಟ್ಟಿದ್ದಾರೆ ಅಷ್ಟೇ ಎಂದು ನನಗೆ ಆಗ ಹೊಳೆದು, ಮೈಸೂರು ರಾಜ್ಯಕ್ಕೆ ಸೇರಿದ್ದು ಮೊದಲ ಸಲ ಮನಸ್ಸಿಗೆ ಬಂತು. ಪೇಢೆ ತಿಂದಾಗ ಬಂದಿರಲಿಲ್ಲ. ಸುಬ್ಬರಾಯರು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನಕ್ಕು, "ಆ ಉದ್ದನೆಯವನನ್ನು ಕರೀರಿ," ಎಂದರು.

ಧೂಳಪ್ಪ ರಾಜ್ಯದ ತಂಡ ಸೇರಿ ಹೋದ. ಕುಶನೂರದಿಂದ ಅವನ ಅಪ್ಪ ಬಸ್ ನಿಲ್ದಾಣಕ್ಕೆ ಬಂದು, ರೊಟ್ಟಿಯ ಗಂಟು ಕೈಗಿಟ್ಟು ಹೋದ. ಕೋಣೆಯಲ್ಲಿ ವೈಜನಾಥ ಒಬ್ಬನೇ ಉಳಿದ. ಕಾಲೇಜಿನ ತಂಡಕ್ಕೆ ಧೂಳಪ್ಪನ ಜಾಗದಲ್ಲಿ ಮಾಸ್ತರರು ತಂದ ಹುಡುಗ ಎತ್ತರವೇನೋ ಇದ್ದ, ಆದರೆ ಚೆಂಡು ಬಂದರೆ ಕಣ್ಣುಮುಚ್ಚುತ್ತಿದ್ದ. ಆ ಚಳಿಗಾಲ ನಾವು ಸೋತ ಪಂದ್ಯಗಳ ವಿಷಯ ಬೇಡ. ಆಯ್ಕೆಯ ನಿಯಮ ಕಾಲೇಜಿನ ಆಟವನ್ನು ಏನು ಮಾಡುತ್ತದೆಂದು ಮೊಮ್ಮಗಳು ಅಮೆರಿಕದಿಂದ ತಿಳಿಯಬೇಕಾಗಿರಲಿಲ್ಲ, ಅಡುಗೆಮನೆಯಲ್ಲೇ ಕೇಳಬಹುದಿತ್ತು.

ತೊಗರಿ ರಾಶಿಯ ಹೊತ್ತಿಗೆ ರಾಜ್ಯದ ತಂಡ ಹೊಸ ಜಿಲ್ಲೆಗಳನ್ನು ಸುತ್ತುತ್ತ ಬೀದರಕ್ಕೂ ಬಂತು, ನಮ್ಮ ಕಾಲೇಜಿನೊಡನೆ ಸ್ನೇಹದ ಪಂದ್ಯ ಆಡಲು. ಸ್ನೇಹ ಎಂಬುದು ಹೆಸರಿಗಷ್ಟೆ. ಈ ಸುತ್ತಾಟದ ಕೊನೆಯಲ್ಲಿ ಹೊಸಬರಲ್ಲಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಮನೆಗೆ ಕಳಿಸುವುದು ಎಂದು ಸುಬ್ಬರಾಯರು ನಿರ್ಧರಿಸುವವರಿದ್ದರು. ಧೂಳಪ್ಪನ ಅಪ್ಪ ಮತ್ತೆ ಅಂಗಳದ ಅಂಚಿನಲ್ಲಿ ಬಂದು ಕುಳಿತಿದ್ದ. ಧೂಳಪ್ಪ ಹೊಸ ಬನಿಯನ್ನಿನಲ್ಲಿ, ಬೂಟಿನಲ್ಲಿ, ಇನ್ನೂ ಉದ್ದ ಕಾಣುತ್ತಿದ್ದ. ನಮ್ಮನ್ನು ನೋಡಿ ನಕ್ಕ, ಆದರೆ ಮಾತಾಡಿಸಲಿಲ್ಲ, ಆಡುವಾಗ ಎದುರಾಳಿಗಳೊಡನೆ ಮಾತು ಬೇಡವೆಂದು ಅವರಿಗೆ ಹೇಳಿದ್ದರಂತೆ. ಅವನು ಆಡಿದ ಆಟ ನೋಡಿ ನಾವು ಸೋಲುತ್ತಿದ್ದೇವೆಂಬುದನ್ನು ಮರೆತು ಚಪ್ಪಾಳೆ ತಟ್ಟುತ್ತಿದ್ದೆವು. ಮಾಸ್ತರರು ಆಟದ ತೀರ್ಪುಗಾರರಾಗಿದ್ದುದರಿಂದ ಚಪ್ಪಾಳೆ ತಟ್ಟುವ ಹಾಗಿರಲಿಲ್ಲ, ಸೀಟಿಯನ್ನೇ ಅಗತ್ಯಕ್ಕಿಂತ ಜೋರಾಗಿ ಊದುತ್ತಿದ್ದರು.

ಆಟ ಮುಗಿಯುವುದಕ್ಕೆ ಸ್ವಲ್ಪ ಮೊದಲು ನಡು ಅಂಗಳದಲ್ಲಿ ಧೂಳಪ್ಪನ ಕೈಗೆ ಚೆಂಡು ಬಂತು. ನಮ್ಮಲ್ಲಿ ಇಬ್ಬರು ಅವನ ಮೇಲೆ ಮುಗಿಬಿದ್ದೆವು, ನಾನೂ ಅವನ ಮೊಳಕೈಗೆ ಜೋತುಬಿದ್ದ ನೆನಪು. ಅಷ್ಟರಲ್ಲಿ ಬಲಗಡೆಯಿಂದ ವೈಜನಾಥ, ಎಂದಿನ ಅಭ್ಯಾಸದಂತೆ, "ಧೂಳ್ಯಾ!" ಎಂದು ಕೂಗಿದ. ಧೂಳಪ್ಪ ತಿರುಗಿಯೂ ನೋಡಲಿಲ್ಲ. ಚೆಂಡು ನನ್ನ ತಲೆಯ ಮೇಲಿಂದ ಗಾಳಿಯಂತೆ ಹೋಗಿ ವೈಜನಾಥನ ಎದೆಗೆ ಸರಿಯಾಗಿ ಬಿತ್ತು, ಅವನು ಹಾಗೆಯೇ ಜಿಗಿದು ಗೋಣಿಚೀಲದೊಳಗೆ ಹಾಕಿದ. ಮೈಸೂರಿನ ಆಟಗಾರ ಕೊಟ್ಟ ಚೆಂಡಿನಿಂದ ಮುಂಬಯಿ ರಾಜ್ಯದ ಗೆಳೆಯ ಮೈಸೂರಿನ ಮೇಲೆಯೇ ಪಾಯಿಂಟು ಗಳಿಸಿದ್ದ. ಧೂಳಪ್ಪ ಆಗ ತನ್ನ ಎದೆಯ ಮೇಲಿನ ಹೊಸ ಬನಿಯನ್ನನ್ನು ನೋಡಿಕೊಂಡು ಕಲ್ಲಾಗಿ ನಿಂತ. ಅವನ ಅಪ್ಪ ಎದ್ದು ನಿಂತಿದ್ದ.

ಅವನ ಜಾಗ ಹೋಯಿತೆಂದೇ ನಾವೆಲ್ಲ ತಿಳಿದೆವು. ಹೋಗಲಿಲ್ಲ, ಮುಂದೆ ಅವನು ಅದೇ ತಂಡದಲ್ಲಿ ವರ್ಷಾನುಗಟ್ಟಲೆ ಆಡಿದ. ಆ ಹೊತ್ತಿನಲ್ಲಿ ಸುಬ್ಬರಾಯರು ಗೆರೆ ದಾಟಿ ಅಂಗಳದೊಳಕ್ಕೇ ಬಂದು, ಪೇಟ ಕೈಯಲ್ಲಿ ಹಿಡಿದು, ಅವನ ಮುಖವನ್ನೇ ತಲೆಯೆತ್ತಿ ನೋಡುತ್ತ, "ಏನಪ್ಪ ಇದು? ನೀನು ಯಾವ ಕಡೆಯವನು?" ಎಂದು ಕೇಳಿದ್ದರು.

ಧೂಳಪ್ಪ ಹೆದರಿದ್ದ, ಆದರೂ ಬಾಗಲಿಲ್ಲ.

"ವೈಜ್ಯಾ ಖುಲ್ಲಾ ನಿಂತಿದ್ದ ಅಲ್ರಿ ಸಾಹೇಬ್ರ," ಎಂದ. "ಮತ್ತ ಚಂಡು ಯಾರಿಗಿ ಕೊಡ್ಲಿ?"